23 ನಿಮಿಷದ ಹಾಡು, 4 ನಿಮಿಷದ ಅಪರಾಧ

ಜೆನೆಸಿಸ್ ಎಂಬ ಇಂಗ್ಲಿಷ್ ರಾಕ್ ತಂಡದ ಬಗ್ಗೆ ಅಲ್ಪಸ್ವಲ್ಪ ಬಲ್ಲವರನ್ನು ಕೇಳಿ ನೋಡಿ, ಬಹುತೇಕ ಎಲ್ಲರೂ ಒಂದೇ ಕತೆ ಹೇಳುತ್ತಾರೆ. 1970ರ ದಶಕದ ಮೊದಲರ್ಧದಲ್ಲಿ ಈ ತಂಡ ಪ್ರೊಗ್ರೆಸಿವ್ ರಾಕ್‌ನ ಶಿಖರದಲ್ಲಿತ್ತು. ಹಾಡುಗಾರ ಪೀಟರ್ ಗೇಬ್ರಿಯಲ್ 1975ರಲ್ಲಿ ಹೊರನಡೆದ. ಹಿಂದೆ ಕೂತು ಡ್ರಮ್ಸ್ ಬಾರಿಸುತ್ತಿದ್ದ ಫಿಲ್ ಕಾಲಿನ್ಸ್ ಮುಂದೆ ಬಂದು ಮೈಕ್ ಹಿಡಿದ. ಅಲ್ಲಿಂದ ಇಳಿಜಾರು. ಹಾಡುಗಳು ಚಿಕ್ಕವಾದವು, ಧಾಟಿ ಸಿಹಿಯಾಯಿತು, ರೇಡಿಯೊ ಒಲಿಯಿತು, ದುಡ್ಡು ಬಂತು, ಕಲೆ ಸತ್ತಿತು. ಕೃತಯುಗದಿಂದ ಕಲಿಯುಗಕ್ಕೆ ಇಳಿದ ಪುರಾಣದ ಹಾಗೆ ಇದನ್ನು ಹೇಳುತ್ತಾರೆ. ಕೇಳುವವರೂ ಪುರಾಣ ಕೇಳಿದ ಹಾಗೆಯೇ ತಲೆದೂಗುತ್ತಾರೆ.

ಈ ಕತೆಯನ್ನು ನಾನು ಒಪ್ಪುವುದಿಲ್ಲ. ತಂಡ ಬದಲಾಯಿತು, ಬಹಳವೇ ಬದಲಾಯಿತು, ಅದರಲ್ಲಿ ತಕರಾರಿಲ್ಲ. ಆದರೆ ಆ ಬದಲಾವಣೆಯನ್ನು ದ್ರೋಹವೆಂದು ಓದುವವರು ತಾರೀಖನ್ನು ತಪ್ಪಾಗಿ ಬರೆದುಕೊಂಡಿದ್ದಾರೆ, ಆರೋಪಿಯನ್ನು ತಪ್ಪಾಗಿ ಗುರುತಿಸಿದ್ದಾರೆ, ಯಾವ ಕಾನೂನಿನಡಿ ತೀರ್ಪು ಕೊಡುತ್ತಿದ್ದೇವೆ ಎಂದು ತಮ್ಮನ್ನು ತಾವೇ ಕೇಳಿಕೊಂಡಿಲ್ಲ. ಐವತ್ತು ವರ್ಷ ಹಳೆಯ ಪರದೇಶದ ಜಗಳ ನಮಗೇಕೆ ಎನ್ನಬಹುದು. 'ಜನಪ್ರಿಯ' ಎಂಬ ಪದವನ್ನು ಬೈಗುಳದಂತೆ ಬಳಸುವ ಚಾಳಿ ಸಾಹಿತ್ಯದ ವಿದ್ಯಾರ್ಥಿಗಳಾದ ನಮಗೂ ಇದೆ. ಆ ಚಾಳಿ ಕಿವಿಯನ್ನು ಎಷ್ಟು ಮಂದ ಮಾಡುತ್ತದೆ ಎಂಬುದಕ್ಕೆ ಜೆನೆಸಿಸ್‌ಗಿಂತ ಸ್ಪಷ್ಟವಾದ ಉದಾಹರಣೆ ನನಗೆ ಸಿಕ್ಕಿಲ್ಲ.

ಮೊದಲು ಹಳೆಯ ಸಂಗೀತಕ್ಕೆ ಸಲ್ಲಬೇಕಾದ್ದು ಸಲ್ಲಲಿ. ಬ್ರಿಟನ್ನಿನಲ್ಲಿ 1960ರ ದಶಕದ ಕೊನೆಗೆ ಹುಟ್ಟಿದ ಪ್ರೊಗ್ರೆಸಿವ್ ರಾಕ್, ಮೂರು ನಿಮಿಷದ ಹಾಡಿನ ಚೌಕಟ್ಟನ್ನು ಒಡೆದು ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ವಿಸ್ತಾರವನ್ನು, ಜಾಝ್‌ನ ಲಯವನ್ನು, ಜನಪದ ಕತೆಗಳನ್ನು ಒಳಗೆ ತಂದುಕೊಂಡಿತು. ಜೆನೆಸಿಸ್ 1972ರ 'ಫಾಕ್ಸ್‌ಟ್ರಾಟ್' ಆಲ್ಬಮ್ಮಿನಲ್ಲಿ 'ಸಪ್ಪರ್ಸ್ ರೆಡಿ' ಎಂಬ ಹೆಚ್ಚುಕಡಿಮೆ 23 ನಿಮಿಷದ ರಚನೆಯನ್ನು ಇಟ್ಟಿತು. ಎಲ್‌ಪಿ ತಟ್ಟೆಯ ಒಂದು ಬದಿಯನ್ನು ಅದೊಂದೇ ಬಹುಪಾಲು ತುಂಬುತ್ತದೆ. ಮನೆಯೊಂದರ ಕೋಣೆಯಲ್ಲಿ ಶುರುವಾಗಿ ಲೋಕದ ಅಂತ್ಯದವರೆಗೆ ಹೋಗುವ ಆ ರಚನೆಯಲ್ಲಿ ಒಂಬತ್ತರ ಲಯದ ಮೇಲೆ ಟೋನಿ ಬ್ಯಾಂಕ್ಸ್‌ನ ಕೀಬೋರ್ಡ್ ತನ್ನದೇ ಎಣಿಕೆ ಹಿಡಿದು ಓಡುವ ಭಾಗವಿದೆ. ಇಂದಿಗೂ ಅದು ಮೈ ಜುಮ್ಮೆನಿಸುತ್ತದೆ. ಅದೇ ವರ್ಷ ಗೇಬ್ರಿಯಲ್ ಡಬ್ಲಿನ್ನಿನ ವೇದಿಕೆಗೆ ಹೆಂಡತಿಯ ಕೆಂಪು ಉಡುಪು ತೊಟ್ಟು, ನರಿಯ ತಲೆ ಹೊತ್ತು ಬಂದು ಸ್ವಂತ ತಂಡದವರನ್ನೇ ಬೆಚ್ಚಿಬೀಳಿಸಿದ. 1973ರ 'ಸೆಲ್ಲಿಂಗ್ ಇಂಗ್ಲೆಂಡ್ ಬೈ ದ ಪೌಂಡ್', 1974ರ ಜೋಡಿ ಆಲ್ಬಮ್ 'ದ ಲ್ಯಾಂಬ್ ಲೈಸ್ ಡೌನ್ ಆನ್ ಬ್ರಾಡ್‌ವೇ' ದೊಡ್ಡ ಕೃತಿಗಳು. ಅವುಗಳ ಹಿರಿಮೆಯನ್ನು ಕುಗ್ಗಿಸುವುದು ನನ್ನ ಉದ್ದೇಶವಲ್ಲ. ಆ ಹಿರಿಮೆಯನ್ನು ಕೋಲು ಮಾಡಿಕೊಂಡು ಮುಂದಿನದ್ದಕ್ಕೆ ಬಾರಿಸುವುದರ ಬಗ್ಗೆ ನನ್ನ ಆಕ್ಷೇಪ.

ತಾರೀಖಿನಿಂದ ಶುರು ಮಾಡೋಣ. ಪತನ 1978ರಲ್ಲಿ, 'ಫಾಲೋ ಯು ಫಾಲೋ ಮಿ' ಎಂಬ ಸುಮಾರು 4 ನಿಮಿಷದ ಪ್ರೇಮಗೀತೆಯಿಂದ ಆರಂಭವಾಯಿತು ಎನ್ನುತ್ತಾರೆ. ಬ್ರಿಟಿಷ್ ಪಟ್ಟಿಯಲ್ಲಿ 7ನೇ ಸ್ಥಾನ, ಅಮೆರಿಕದಲ್ಲಿ 23. ಅಲ್ಲಿಯವರೆಗೆ ಪಾಪ್ ಈ ತಂಡದ ಹೊಸ್ತಿಲು ತುಳಿದಿರಲಿಲ್ಲ ಎಂಬಂತೆ ಮಾತಾಡುತ್ತಾರೆ. ನಿಜ ಸಂಗತಿ ತಿರುವುಮುರುವು. ಸರ್ರೆಯ ಗೊಡಾಲ್ಮಿಂಗ್‌ನಲ್ಲಿರುವ ಚಾರ್ಟರ್‌ಹೌಸ್ ಶಾಲೆಯಲ್ಲಿ 1967ರಲ್ಲಿ ಕೂಡಿಕೊಂಡ ಹುಡುಗರು ತಮ್ಮನ್ನು ಮೊದಲು ಗೀತರಚನಕಾರರೆಂದೇ ಭಾವಿಸಿದ್ದರು. ಬೇರೆಯವರು ಹಾಡುವ ಹಾಡು ಬರೆದು ಬದುಕುವುದು ಅವರ ಕನಸು. ಅದೇ ಶಾಲೆಯಲ್ಲಿ ಓದಿದ್ದ ನಿರ್ಮಾಪಕ ಜೊನಾಥನ್ ಕಿಂಗ್ ಅವರಿಗೆ ಹೆಸರಿಟ್ಟ. ಅವನಿಗೆ ಬೀ ಜೀಸ್ ತಂಡ ಇಷ್ಟವೆಂದು ತಿಳಿದು, ಅದೇ ಧಾಟಿಯಲ್ಲಿ ಬರೆದ 'ದ ಸೈಲೆಂಟ್ ಸನ್' 1968ರಲ್ಲಿ ಅವರ ಮೊದಲ ಸಿಂಗಲ್ ಆಯಿತು. ಅಂದರೆ ಈ ತಂಡದ ಮೊದಲ ಹೆಜ್ಜೆಯೇ ಪಾಪ್, ಅದೂ ನಿರ್ಮಾಪಕನನ್ನು ಮೆಚ್ಚಿಸಲು ಬರೆದ ಪಾಪ್. ಅದು ಓಡಲಿಲ್ಲ ಅಷ್ಟೆ. ಓಡಿದ್ದರೆ 'ಸಪ್ಪರ್ಸ್ ರೆಡಿ' ಹುಟ್ಟುತ್ತಿತ್ತೋ ಇಲ್ಲವೋ.

ಇನ್ನೂ ಒಂದು ಮಾತು. ಆ ಮಹಾರಚನೆ ಕೂಡ ಏಳು ಭಾಗಗಳನ್ನು ಹೊಲಿದು ಮಾಡಿದ್ದು. ನಡುವಿನ 'ವಿಲ್ಲೋ ಫಾರ್ಮ್' ಮೊದಲು ಗೇಬ್ರಿಯಲ್‌ನ ಬಿಡಿ ಹಾಡಾಗಿತ್ತು. ಆಮೇಲೆ ತಂದು ಕೂರಿಸಿದರು. ಚಿಕ್ಕ ಹಾಡು ಕಟ್ಟುವ ಕಸುಬೇ ಆ ದೊಡ್ಡ ಕಟ್ಟಡದ ಇಟ್ಟಿಗೆ. 1974ರಲ್ಲಿ 'ಐ ನೋ ವಾಟ್ ಐ ಲೈಕ್' ಬ್ರಿಟಿಷ್ ಪಟ್ಟಿಯ 21ನೇ ಸ್ಥಾನಕ್ಕೇರಿ ತಂಡಕ್ಕೆ ಮೊದಲ ಹಿಟ್ ಕೊಟ್ಟಾಗ ಹಾಡುತ್ತಿದ್ದವನು ಗೇಬ್ರಿಯಲ್. ಆಗ ಯಾರೂ ಶೋಕಾಚರಣೆ ಮಾಡಲಿಲ್ಲ.

ಇನ್ನು ಆರೋಪಿ. ಎಲ್ಲ ಬೆರಳೂ ಕಾಲಿನ್ಸ್‌ನತ್ತ. ಆದರೆ ಕಡತ ತೆರೆದು ನೋಡಿ. ಅವನು ಮುಖ್ಯ ಹಾಡುಗಾರನಾದ ಮೇಲೆ ಬಂದ ಮೊದಲ ಎರಡು ಆಲ್ಬಮ್‌ಗಳು, 1976ರ 'ಎ ಟ್ರಿಕ್ ಆಫ್ ದ ಟೇಲ್' ಮತ್ತು 'ವಿಂಡ್ ಅಂಡ್ ವುದರಿಂಗ್', ಅಪ್ಪಟ ಪ್ರೊಗ್ರೆಸಿವ್ ಕೃತಿಗಳು. ಅದೇ ಅವಧಿಯಲ್ಲಿ ಅವನು ಬ್ರ್ಯಾಂಡ್ ಎಕ್ಸ್ ಎಂಬ ಜಾಝ್ ಫ್ಯೂಷನ್ ತಂಡದಲ್ಲಿ ನುಡಿಸುತ್ತಿದ್ದ. ಬ್ರಯನ್ ಈನೋನ 1975ರ 'ಅನದರ್ ಗ್ರೀನ್ ವರ್ಲ್ಡ್' ಆಲ್ಬಮ್ಮಿನಲ್ಲಿ ಅವನ ಡ್ರಮ್ಸ್ ಇದೆ. ತಂಡದಲ್ಲಿ ಪ್ರಯೋಗಶೀಲ ಸಂಗೀತದ ಹಾದಿಬೀದಿಗಳನ್ನು ಹೆಚ್ಚು ಸುತ್ತಿದ್ದವನು ಅವನೇ. 'ಫಾಲೋ ಯು ಫಾಲೋ ಮಿ'ಯ ಸಾಹಿತ್ಯ ಬರೆದವನು ಮೈಕ್ ರುದರ್‌ಫರ್ಡ್, ಚಾರ್ಟರ್‌ಹೌಸ್ ಹುಡುಗ.

ಹಾಗಿದ್ದರೂ ಅಪರಾಧಿ ಕಾಲಿನ್ಸ್ ಏಕೆ? ಇಲ್ಲಿ ವರ್ಗದ ವಾಸನೆ ನನಗೆ ಬಡಿಯುತ್ತದೆ. ಚಾರ್ಟರ್‌ಹೌಸ್ 1611ರಲ್ಲಿ ಸ್ಥಾಪನೆಯಾದ, ಭಾರಿ ಶುಲ್ಕದ ವಸತಿಶಾಲೆ. ಇಂಗ್ಲೆಂಡಿನ ಆಳುವ ವರ್ಗ ತನ್ನ ಗಂಡುಮಕ್ಕಳನ್ನು ತಿದ್ದಿದ ಸಂಸ್ಥೆಗಳಲ್ಲೊಂದು. ಕಾಲಿನ್ಸ್ ಪಶ್ಚಿಮ ಲಂಡನ್ನಿನ ವಿಮಾ ಕಂಪನಿಯ ನೌಕರನೊಬ್ಬನ ಮಗ; 'ಆಲಿವರ್!' ಸಂಗೀತ ನಾಟಕದಲ್ಲಿ ಜೇಬುಗಳ್ಳ ಹುಡುಗನ ಪಾತ್ರ ಮಾಡಿದ್ದ ಬಾಲನಟ. 1970ರಲ್ಲಿ ಪತ್ರಿಕೆಯ ಜಾಹೀರಾತು ನೋಡಿ ಗೇಬ್ರಿಯಲ್‌ನ ತಂದೆತಾಯಿಯ ಮನೆಗೆ ಪರೀಕ್ಷೆಗೆ ಹೋದ. ತನ್ನ ಸರದಿ ಬರುವವರೆಗೆ ಅಲ್ಲಿನ ಈಜುಕೊಳದಲ್ಲಿ ಈಜುತ್ತ, ಒಳಗೆ ಬೇರೆಯವರು ನುಡಿಸುತ್ತಿದ್ದುದನ್ನು ಕೇಳಿ ಅಷ್ಟರಲ್ಲೇ ಕಲಿತುಬಿಟ್ಟ. ಆ ಮನೆಗೆ ಈಜುಕೊಳವಿತ್ತು, ಅವನಿಗೆ ಕಿವಿಯಿತ್ತು. ಇಡೀ ಕತೆಯ ಸಾಮಾಜಿಕ ನಕ್ಷೆ ಅಷ್ಟರಲ್ಲೇ ಇದೆ. ಸಿರಿವಂತ ಮನೆಯ ಹುಡುಗರು ಗ್ರೀಕ್ ಪುರಾಣ, ಬೈಬಲ್ಲಿನ ಪ್ರಳಯ ತಂದಾಗ ಅದು ಕಲೆ. ನೌಕರನ ಮಗ ಮುರಿದ ದಾಂಪತ್ಯದ ಬಗ್ಗೆ ನೇರ ಮಾತಿನಲ್ಲಿ ಹಾಡಿದಾಗ ಅದು ಸರಕು. ಈ ಎರಡು ಅಳತೆಗೋಲು ಯಾರ ಕೈಯಲ್ಲಿವೆ ಎಂದು ಕೇಳಲೇಬೇಕು.

ಗೇಬ್ರಿಯಲ್‌ನ ದಾರಿಯನ್ನು ಪಕ್ಕದಲ್ಲಿಟ್ಟರೆ ಇದು ಇನ್ನೂ ಸ್ಪಷ್ಟ. 1986ರ ಜುಲೈನಲ್ಲಿ ಜೆನೆಸಿಸ್‌ನ 'ಇನ್ವಿಸಿಬಲ್ ಟಚ್' ಅಮೆರಿಕದ ಪಟ್ಟಿಯ ಮೊದಲ ಸ್ಥಾನ ಮುಟ್ಟಿತು. ಮರುವಾರ ಅದನ್ನು ಕೆಳಗಿಳಿಸಿದ ಹಾಡು ಗೇಬ್ರಿಯಲ್‌ನ 'ಸ್ಲೆಡ್ಜ್‌ಹ್ಯಾಮರ್'. ಅಮೆರಿಕದ ಕಪ್ಪು ಸಂಗೀತದಿಂದ ತುತ್ತೂರಿ, ಲಯ ಎರಡನ್ನೂ ಪಡೆದ, ಕುಣಿಸಲೆಂದೇ ಮಾಡಿದ ಪಾಪ್ ಹಾಡು ಅದು, ಒಳ್ಳೆಯ ಹಾಡು. ಒಬ್ಬ ಪಾಪ್ ಮಾಡಿದಾಗ ಕಲಾವಿದನ ವಿಸ್ತಾರ, ಇನ್ನೊಬ್ಬ ಮಾಡಿದಾಗ ವ್ಯಾಪಾರ. 1980ರ ದಶಕದ ಗುರುತಾದ ಆ ಗುಡುಗಿ ತಟ್ಟನೆ ಕತ್ತರಿಸಿದಂತೆ ನಿಲ್ಲುವ ಡ್ರಮ್ಸ್ ಸದ್ದನ್ನು ಕಾಲಿನ್ಸ್‌ನ 'ಇನ್ ದ ಏರ್ ಟುನೈಟ್' ಜಗತ್ತಿಗೆ ಪರಿಚಯಿಸಿತು. ಅದಕ್ಕೂ ಮೊದಲು ಅದು ಕೇಳಿಸಿದ್ದು ಗೇಬ್ರಿಯಲ್‌ನ 1980ರ ಮೂರನೆಯ ಆಲ್ಬಮ್ಮಿನ ಮೊದಲ ಹಾಡಿನಲ್ಲಿ. ಅಲ್ಲಿ ಬಾರಿಸಿದವನೂ ಕಾಲಿನ್ಸೇ. ಒಂದೇ ಕೈ, ಒಂದೇ ಸದ್ದು. ಒಂದಕ್ಕೆ ಪ್ರಶಸ್ತಿಪತ್ರ, ಇನ್ನೊಂದಕ್ಕೆ ಚಾರ್ಜ್‌ಶೀಟು.

ಕಾಲಿನ್ಸ್ ಎಲ್ಲೆಲ್ಲೂ ಇದ್ದ ಎಂಬ ದೂರಿನಲ್ಲಿ ಹುರುಳಿದೆ. 1985ರ ಜುಲೈ 13ರ ಲೈವ್ ಏಡ್ ದಿನ ಲಂಡನ್ನಿನಲ್ಲಿ ಹಾಡಿ, ಕಾಂಕಾರ್ಡ್ ವಿಮಾನ ಹತ್ತಿ, ಅದೇ ದಿನ ಫಿಲಡೆಲ್ಫಿಯಾದಲ್ಲೂ ಹಾಡಿದ. ಜನರಿಗೆ ಸಾಕಾಗಿದ್ದರೆ ಆಶ್ಚರ್ಯವಿಲ್ಲ. ಆದರೆ ಒಂದು ಮುಖ ಕಂಡು ಸಾಕಾಗುವುದು ಬೇರೆ, ಒಂದು ಸಂಗೀತವನ್ನು ವಿಮರ್ಶಿಸುವುದು ಬೇರೆ.

ಈಗ ಕಾನೂನಿಗೆ ಬರೋಣ. ಉದ್ದವಿದ್ದರೆ ಆಳ, ತೊಡಕಿದ್ದರೆ ಪ್ರಾಮಾಣಿಕತೆ, ಗುನುಗಲು ಬಂದರೆ ಅಗ್ಗ ಎಂಬ ಅಲಿಖಿತ ಕಾನೂನು ಇದು. ನಾವು ಸಾಹಿತ್ಯದಲ್ಲಿ ಹೀಗೆ ಅಳೆಯುವುದಿಲ್ಲ. ಅಲ್ಲಮನ ನಾಲ್ಕು ಸಾಲಿನ ವಚನವನ್ನು ಯಾವ ಮಹಾಕಾವ್ಯದ ಪಕ್ಕಕ್ಕಿಟ್ಟೂ ಸಣ್ಣದೆನ್ನುವುದಿಲ್ಲ. ರಾಕ್ ಸಂಗೀತಕ್ಕೆ ಬಂದ ತಕ್ಷಣ ಗಡಿಯಾರ ಹಿಡಿದು ಕೂರುತ್ತೇವೆ.

1980ರ 'ಡ್ಯೂಕ್' ಆಲ್ಬಮ್ ತೆಗೆದುಕೊಳ್ಳಿ. ಬ್ರಿಟನ್ನಿನಲ್ಲಿ ಮೊದಲ ಸ್ಥಾನಕ್ಕೇರಿದ ತಂಡದ ಮೊದಲ ಆಲ್ಬಮ್ ಇದು. ದೂರುವವರ ಪ್ರಕಾರ ಶರಣಾಗತಿಯ ದಾಖಲೆ. ಇದರ ಆರು ತುಣುಕುಗಳನ್ನು ತಂಡ ಮೂಲದಲ್ಲಿ ಒಂದೇ ದೀರ್ಘ ರಚನೆಯಾಗಿ ಕಟ್ಟಿತ್ತು. 'ಸಪ್ಪರ್ಸ್ ರೆಡಿ'ಗೆ ಹೋಲಿಸುತ್ತಾರೆಂದು ಅದನ್ನು ಬಿಡಿಸಿ ಆಲ್ಬಮ್ಮಿನ ಉದ್ದಕ್ಕೂ ಹರಡಿದರು. ಆ ಆರರಲ್ಲಿ ಒಂದು 'ಟರ್ನ್ ಇಟ್ ಆನ್ ಅಗೇನ್'. ಬ್ರಿಟಿಷ್ ಪಟ್ಟಿಯಲ್ಲಿ 8ನೇ ಸ್ಥಾನಕ್ಕೇರಿದ ಈ ಹಾಡಿನ ಆವರ್ತದಲ್ಲಿ 13 ಏಟು. ಚಪ್ಪಾಳೆ ತಟ್ಟಿ ನೋಡಿ: ನಾಲ್ಕರ ಲೆಕ್ಕದಲ್ಲಿ ಹೊರಟರೆ ಒಂದು ಸುತ್ತು ಮುಗಿಯುವಷ್ಟರಲ್ಲಿ ಕೈ ತಪ್ಪುತ್ತದೆ. ಆದರೂ ಹಾಡು ಎಲ್ಲೂ ತಡವರಿಸಿದಂತೆ ಕೇಳಿಸುವುದಿಲ್ಲ. ಲಕ್ಷಾಂತರ ಜನ ಲೆಕ್ಕ ಗೊತ್ತಿಲ್ಲದೆ ಗುನುಗಿದರು. 1972ರಲ್ಲಿ ಒಂಬತ್ತರ ಲಯ ಬಳಸಿದಾಗ ಅದನ್ನು ರಚನೆಯ ಹೆಸರಿನಲ್ಲೇ ಸಾರಿಕೊಂಡಿದ್ದ ತಂಡ, ಎಂಟು ವರ್ಷದ ನಂತರ ಹದಿಮೂರನ್ನು ಬಳಸಿಯೂ ಸುಮ್ಮನಿತ್ತು. ಯಾವುದು ಹೆಚ್ಚು ಪಳಗಿದ ಕೈ? ತೊಡಕನ್ನು ತೋರಿಸುವುದಕ್ಕಿಂತ ಅಡಗಿಸುವುದು ಕಷ್ಟದ ಕೆಲಸವೆಂದೇ ನಾನು ನಂಬುತ್ತೇನೆ.

ಬದಲಾವಣೆಗೆ ಮಾರುಕಟ್ಟೆಯೊಂದೇ ಕಾರಣವೆನ್ನುವವರು ತಂಡದ ಕೆಲಸದ ರೀತಿಯನ್ನು ಗಮನಿಸಿಲ್ಲ. 1977ರಲ್ಲಿ ಗಿಟಾರ್ ವಾದಕ ಸ್ಟೀವ್ ಹ್ಯಾಕೆಟ್ ಬಿಟ್ಟ ಮೇಲೆ ಉಳಿದವರು ಮೂವರು. ಮೊದಲು ಒಬ್ಬೊಬ್ಬರೂ ಮನೆಯಲ್ಲಿ ಬರೆದ ತುಣುಕು ತರುತ್ತಿದ್ದರು. ಆ ತುಣುಕುಗಳನ್ನು ಜೋಡಿಸುವುದರಿಂದಲೇ ದೀರ್ಘ ರಚನೆಗಳು ಬೆಳೆಯುತ್ತಿದ್ದವು. ಸರ್ರೆಯ ಹಳ್ಳಿಯೊಂದರಲ್ಲಿ ತಮ್ಮದೇ ಸ್ಟುಡಿಯೊ ಮಾಡಿಕೊಂಡ ನಂತರ, ಮೂವರೂ ಬರಿಗೈಯಲ್ಲಿ ಬಂದು, ಡ್ರಮ್ ಯಂತ್ರ ಚಾಲೂ ಮಾಡಿ, ಏನು ಹುಟ್ಟುತ್ತದೋ ಅದನ್ನೇ ಹಿಡಿದು ಬೆಳೆಸುವ ರೂಢಿ ಬಂತು. 1983ರ ಆಲ್ಬಮ್ಮಿಗೆ ತಂಡದ ಹೆಸರನ್ನೇ ಇಟ್ಟದ್ದು ಎಲ್ಲ ಹಾಡುಗಳನ್ನೂ ಮೂವರು ಕೂಡಿಯೇ ಕಟ್ಟಿದ್ದರಿಂದ. ಆ ರೂಢಿಯಿಂದ ಬಂದ 'ಮಾಮಾ' ಕೇಳಿ: ಒಂದು ಯಂತ್ರದ ತಾಳ, ಕೀಬೋರ್ಡಿನ ಮಂದ್ರ ಗುಂಯ್ಗುಡುವಿಕೆ, ವೇಶ್ಯೆಯೊಬ್ಬಳ ಮೇಲೆ ಹುಚ್ಚು ಹಿಡಿದ ಹುಡುಗನ ದನಿ, ನಡುವೆ ಗ್ರ್ಯಾಂಡ್‌ಮಾಸ್ಟರ್ ಫ್ಲ್ಯಾಶ್‌ನ ರ‍್ಯಾಪ್ ಹಾಡಿನಿಂದ ಎತ್ತಿಕೊಂಡ ಭಯಾನಕ ನಗು. ಹಿತವಾದದ್ದು ಅದರಲ್ಲಿ ಒಂದೂ ಇಲ್ಲ. ಬ್ರಿಟನ್ನಿನ ಸಿಂಗಲ್ ಪಟ್ಟಿಯಲ್ಲಿ ತಂಡದ ಅತಿ ಎತ್ತರದ ಹಿಟ್ ಇದೇ, 4ನೇ ಸ್ಥಾನ.

ತಾವು ಬದಲಾದರೆ ಏನಾಗುತ್ತದೆಂದು ಅವರಿಗೆ ಗೊತ್ತಾಗಲು ತಡವಾಗಲಿಲ್ಲ. 1981ರ 'ಅಬಕ್ಯಾಬ್' ಪ್ರವಾಸದಲ್ಲಿ ನೆದರ್‌ಲೆಂಡ್ಸ್‌ನ ಲೈಡನ್ ಊರಿನ ಪ್ರೇಕ್ಷಕರು ಹೊಸ ಹಾಡುಗಳಿಗೆ ಕೂಗಾಡಿ ಛೀಮಾರಿ ಹಾಕಿದರು. ಪ್ರೇಕ್ಷಕರನ್ನು ಓಲೈಸುವುದೇ ಗುರಿಯಾಗಿದ್ದರೆ ಹಳೆಯದನ್ನೇ ಮರುನುಡಿಸುವುದು ಎಲ್ಲಕ್ಕಿಂತ ಸುಲಭದ ದಾರಿ. ಅಭಿಮಾನಿಗಳು ಬೇಡಿದ್ದನ್ನು ಕೊಡದಿರುವುದನ್ನೇ 'ಮಾರಿಕೊಳ್ಳುವುದು' ಎಂದು ಕರೆಯುವ ವಿಚಿತ್ರ ತರ್ಕ ಇದು.

ಈ ವಾದವನ್ನು ಮಂಡಿಸಿದಾಗಲೆಲ್ಲ ಎದುರಿನವರು ಬಳಸುವ ಕೊನೆಯ ಅಸ್ತ್ರವೊಂದಿದೆ: ಬ್ರೆಟ್ ಈಸ್ಟನ್ ಎಲ್ಲಿಸ್‌ನ 1991ರ ಕಾದಂಬರಿ 'ಅಮೆರಿಕನ್ ಸೈಕೊ'. ಅದರ ನಾಯಕ ಪ್ಯಾಟ್ರಿಕ್ ಬೇಟ್‌ಮನ್, ವಾಲ್ ಸ್ಟ್ರೀಟಿನ ನಯವಾದ ಕೊಲೆಗಡುಕ, ಒಂದಿಡೀ ಅಧ್ಯಾಯದಲ್ಲಿ ಜೆನೆಸಿಸ್‌ನ ನಂತರದ ಆಲ್ಬಮ್‌ಗಳನ್ನು ಹೊಗಳುತ್ತಾನೆ. ಹಳೆಯದು ತನಗೆ ಅರ್ಥವಾಗಲಿಲ್ಲ ಎನ್ನುತ್ತಾನೆ. 2000ರಲ್ಲಿ ಮೇರಿ ಹ್ಯಾರನ್ ಇದನ್ನು ಸಿನಿಮಾ ಮಾಡಿದ ಮೇಲಂತೂ, 'ನೀನೂ ಬೇಟ್‌ಮನ್ ಪಾರ್ಟಿಯಾ?' ಎಂಬ ಒಂದು ನಗೆಗೆ ಚರ್ಚೆ ಮುಗಿದುಹೋಗುತ್ತದೆ. ಸಾಹಿತ್ಯ ಓದುವವರು ಹೀಗೆ ಓದಬಾರದು. ಎಲ್ಲಿಸ್ ಗೇಲಿ ಮಾಡುತ್ತಿರುವುದು ಬೇಟ್‌ಮನ್‌ನ ಭಾಷೆಯನ್ನು. ಸೂಟು, ಊಟ, ಹೆಣ್ಣು, ಹಾಡು ಎಲ್ಲವನ್ನೂ ಒಂದೇ ಸಪ್ಪೆ ಜಾಹೀರಾತು ಗದ್ಯದಲ್ಲಿ ವರ್ಣಿಸುವವನ ಟೊಳ್ಳುತನ ಅಲ್ಲಿನ ವಸ್ತು. ಆ ವಿಡಂಬನೆಯನ್ನು ಸಂಗೀತದ ಮೇಲಿನ ತೀರ್ಪೆಂದು ಓದುವುದು, ಪಾತ್ರದ ರುಚಿಯನ್ನು ಕೃತಿಯ ಮೌಲ್ಯವೆಂದು ತಿಳಿಯುವ ಮೊದಲ ವರ್ಷದ ತಪ್ಪು.

ಹಾಗಾದರೆ ನಂತರದ ಜೆನೆಸಿಸ್‌ನಲ್ಲಿ ತಪ್ಪುಗಳೇ ಇಲ್ಲವೇ? ಇವೆ, ಗಂಭೀರವಾದವೇ ಇವೆ. ಆದರೆ ದೂರುವವರು ಅವುಗಳ ಹತ್ತಿರವೂ ಸುಳಿಯುವುದಿಲ್ಲ. 1983ರ ಅದೇ ಆಲ್ಬಮ್ಮಿನಲ್ಲಿ 'ಇಲ್ಲೀಗಲ್ ಏಲಿಯನ್' ಎಂಬ ಹಾಡಿದೆ. ಗಡಿ ದಾಟಲು ಹೆಣಗುವ ಮೆಕ್ಸಿಕನ್ ವಲಸಿಗನ ಪಾಡನ್ನು ಕಾಲಿನ್ಸ್ ಅಣಕು ಉಚ್ಚಾರಣೆಯಲ್ಲಿ ಹಾಡುತ್ತಾನೆ. ವಿಡಿಯೊದಲ್ಲಿ ಮೂವರೂ ಮೀಸೆ ಅಂಟಿಸಿಕೊಂಡು ಅಗಲ ಟೋಪಿ ಹಾಕಿಕೊಂಡು ಕುಣಿಯುತ್ತಾರೆ. ದುರ್ಬಲರನ್ನು ನಗೆಪಾಟಲು ಮಾಡಿದ ಹಾಡು ಅದು. ಯಾವ ಸಮರ್ಥನೆಗೂ ಅರ್ಹವಲ್ಲ. ಮುಂದೆ 'ಟುನೈಟ್, ಟುನೈಟ್, ಟುನೈಟ್' ಬಂತು. ವ್ಯಸನದ ಕತ್ತಲಲ್ಲಿ ತಡಕಾಡುವವನ ಹಾಡೆಂದೇ ಅದು ಕೇಳಿಸುತ್ತದೆ. ಅದನ್ನು ಅಮೆರಿಕದ ಬಿಯರ್ ಕಂಪನಿಯೊಂದರ ಜಾಹೀರಾತಿಗೆ ಕೊಟ್ಟರು. ವ್ಯಾಪಾರದ ಆರೋಪ ಹೊರಿಸಬೇಕೆ? ಇಲ್ಲಿ ಹೊರಿಸಿ, ನಾನೂ ಸಹಿ ಹಾಕುತ್ತೇನೆ. 'ಹೋಲ್ಡ್ ಆನ್ ಮೈ ಹಾರ್ಟ್'ನಂಥ ಹಾಡು ಸಕ್ಕರೆ ಪಾಕದಲ್ಲಿ ಮುಳುಗಿದೆ ಎಂದರೂ ಒಪ್ಪುತ್ತೇನೆ. ಹಾಡು ಎಷ್ಟು ನಿಮಿಷ, ಡ್ರಮ್ಸ್ ಯಂತ್ರದ್ದೋ ಮನುಷ್ಯನದ್ದೋ ಎಂದು ಲೆಕ್ಕ ಹಾಕುತ್ತ ಕೂತವರಿಗೆ ಹಾಡು ಯಾರನ್ನು ನೋಡಿ ನಗುತ್ತಿದೆ, ಯಾರಿಗೆ ಮಾರಾಟವಾಗಿದೆ ಎಂದು ಕೇಳಲು ಪುರುಸೊತ್ತಾಗಲಿಲ್ಲ. 'ಜನಪ್ರಿಯ' ಎಂಬ ಬೈಗುಳದಿಂದ ಆಗುವ ನಿಜವಾದ ನಷ್ಟ ಇದು. ಅದು ವಿಮರ್ಶೆಯಂತೆ ಕಾಣಿಸುತ್ತ ವಿಮರ್ಶೆಯ ಕೆಲಸವನ್ನೇ ತಪ್ಪಿಸುತ್ತದೆ. ಕೆಟ್ಟ ಹಾಡು, ಒಳ್ಳೆಯ ಹಾಡು ಎರಡನ್ನೂ ಒಂದೇ ಗೋಣಿಚೀಲಕ್ಕೆ ತುಂಬಿ ಬಾಯಿ ಕಟ್ಟುತ್ತದೆ.

ಆ ಚೀಲದಲ್ಲಿ ಏನೇನು ಸೇರಿಹೋಯಿತು ನೋಡಿ. 1986ರ 'ಲ್ಯಾಂಡ್ ಆಫ್ ಕನ್‌ಫ್ಯೂಷನ್' ವಿಡಿಯೊದಲ್ಲಿ ರೇಗನ್ನನ ಗೊಂಬೆ ದಾದಿಯನ್ನು ಕರೆಯಲು ಹೋಗಿ ಅಣುಬಾಂಬಿನ ಗುಂಡಿ ಒತ್ತುತ್ತದೆ. 1991ರ 'ವಿ ಕಾಂಟ್ ಡಾನ್ಸ್' ಆಲ್ಬಮ್ಮಿನಲ್ಲಿ ಟಿವಿಯಲ್ಲಿ ದೇವರ ಹೆಸರು ಹೇಳಿ ಹಣ ಎತ್ತುವ ಧರ್ಮಬೋಧಕರನ್ನು ಝಾಡಿಸುವ ಹಾಡಿದೆ. ಅದೇ ಆಲ್ಬಮ್ಮಿನಲ್ಲಿ 'ಡ್ರೈವಿಂಗ್ ದ ಲಾಸ್ಟ್ ಸ್ಪೈಕ್' ಇದೆ: ಹತ್ತು ನಿಮಿಷದ ರಚನೆ, 19ನೇ ಶತಮಾನದಲ್ಲಿ ಬ್ರಿಟನ್ನಿನ ರೈಲುದಾರಿ ಕಡಿಯುತ್ತ ಸತ್ತ ಕೂಲಿಗಳ ಕತೆ. ಸಾಹಿತ್ಯ ಬರೆದವನು ಕಾಲಿನ್ಸ್. ಪಾಪ್‌ಗೆ ಮಾರಿಕೊಂಡನೆಂದು ಬೈಸಿಕೊಂಡ ವಿಮಾ ನೌಕರನ ಮಗ, ತಂಡದ ಅತ್ಯಂತ ಜನಪ್ರಿಯ ಕಾಲದಲ್ಲಿ ಹೆಸರಿಲ್ಲದ ಕೂಲಿಗಳಿಗೆ ಹತ್ತು ನಿಮಿಷ ಕೊಟ್ಟ. ಉದ್ದವನ್ನೇ ಪೂಜಿಸುವವರೂ ಇದನ್ನು ಕೇಳಲಿಲ್ಲ, ಏಕೆಂದರೆ ಆಲ್ಬಮ್ಮಿನ ಮೇಲೆ ತಪ್ಪು ಇಸವಿ ಬರೆದಿತ್ತು.

ನನ್ನ ತಲೆಮಾರು ಹುಟ್ಟುವಷ್ಟರಲ್ಲಿ ಇದೆಲ್ಲ ಮುಗಿದಿತ್ತು. ಕಾಲಿನ್ಸ್ ತಂಡ ಬಿಟ್ಟದ್ದು 1996ರಲ್ಲಿ. ನಮಗೆ ಈ ಆಲ್ಬಮ್‌ಗಳು ಫೋನಿನ ಪರದೆಯ ಮೇಲೆ ಒಟ್ಟಿಗೇ ಸಿಕ್ಕವು, 1969ರಿಂದ 1997ರವರೆಗಿನವು ಒಂದೇ ಸಾಲಿನಲ್ಲಿ. ಯಾವುದಕ್ಕೂ ನಾವು ಕಾದಿರಲಿಲ್ಲ, ಆದ್ದರಿಂದ ಯಾವುದೂ ನಮಗೆ ಕೈಕೊಡಲಿಲ್ಲ. ದ್ರೋಹವಾಗಿದೆ ಎನ್ನುವುದಕ್ಕೆ ಮೊದಲು ಒಂದು ಒಪ್ಪಂದವಿರಬೇಕು. ಹದಿನೇಳನೆಯ ವಯಸ್ಸಿನಲ್ಲಿ ನನ್ನನ್ನು ಹಿಡಿದಿಟ್ಟ ಹಾಡನ್ನೇ ಸಾಯುವವರೆಗೂ ಹಾಡುತ್ತಿರು ಎಂಬ ಒಪ್ಪಂದಕ್ಕೆ ಯಾವ ಕಲಾವಿದನೂ ಸಹಿ ಹಾಕಿರುವುದಿಲ್ಲ. ಲೇಖಕರನ್ನು 'ಆರಂಭದ ಘಟ್ಟ', 'ಉತ್ತರ ಘಟ್ಟ' ಎಂದು ಹೋಳು ಮಾಡಿ, ಮೊದಲನೆಯದಕ್ಕೆ ಮುಡಿಪಾಗಿ ಎರಡನೆಯದನ್ನು ಓದದೆಯೇ ಪ್ರಬಂಧ ಬರೆಯುವ ಸಂಶೋಧನಾ ವಿದ್ಯಾರ್ಥಿಗಳಿಗೂ ಈ ಮಾತು ಅನ್ವಯಿಸುತ್ತದೆ.

2022ರ ಮಾರ್ಚ್ 26ರಂದು ಲಂಡನ್ನಿನ ಓಟೂ ಅಂಗಣದಲ್ಲಿ ಜೆನೆಸಿಸ್ ಕೊನೆಯ ಕಛೇರಿ ನಡೆಸಿತು. ಕಾಲಿನ್ಸ್‌ಗೆ ನಿಲ್ಲಲಾಗುತ್ತಿರಲಿಲ್ಲ, ಕುರ್ಚಿಯಲ್ಲಿ ಕೂತು ಹಾಡಿದ. ಹಿಂದೆ ಡ್ರಮ್ಸ್ ಬಾರಿಸಿದವನು ಅವನ ಮಗ ನಿಕ್. ಗೇಬ್ರಿಯಲ್ ಪ್ರೇಕ್ಷಕರ ನಡುವೆ ಇದ್ದ. ಆ ಪ್ರವಾಸದ ಕಛೇರಿಗಳು 'ಡ್ಯೂಕ್'ನ ತುಣುಕುಗಳಿಂದ ಆರಂಭವಾಗಿ 1974ರ 'ದ ಕಾರ್ಪೆಟ್ ಕ್ರಾಲರ್ಸ್'ನಿಂದ ಮುಗಿಯುತ್ತಿದ್ದವು. ನಡುವೆ 'ಮಾಮಾ'ವೂ ಇತ್ತು, 'ಇನ್ವಿಸಿಬಲ್ ಟಚ್' ಕೂಡ ಇತ್ತು. ನುಡಿಸುವವರಿಗೆ ಎರಡು ತಂಡಗಳಿರಲಿಲ್ಲ.

ಒಪ್ಪದವರಿಗೆ ಒಂದು ಸಣ್ಣ ಕೆಲಸ ಹೇಳಿ ಮುಗಿಸುತ್ತೇನೆ. 'ಡ್ಯೂಕ್'ನಿಂದ 'ಬಿಹೈಂಡ್ ದ ಲೈನ್ಸ್', 'ಡಚೆಸ್', 'ಗೈಡ್ ವೋಕಲ್', 'ಟರ್ನ್ ಇಟ್ ಆನ್ ಅಗೇನ್', 'ಡ್ಯೂಕ್ಸ್ ಟ್ರಾವೆಲ್ಸ್', 'ಡ್ಯೂಕ್ಸ್ ಎಂಡ್' ಈ ಆರನ್ನು ಇದೇ ಕ್ರಮದಲ್ಲಿ ಜೋಡಿಸಿಕೊಂಡು, ಮಧ್ಯೆ ನಿಲ್ಲಿಸದೆ ಒಮ್ಮೆ ಕೇಳಿ. ಮುಗಿದ ಮೇಲೆ ಇದು ಪ್ರೊಗ್ರೆಸಿವ್ ರಾಕೋ ಪಾಪೋ ಎಂದು ನಿಮ್ಮನ್ನೇ ಕೇಳಿಕೊಳ್ಳಿ. ಉತ್ತರ ಸಿಗಲು ತಡವಾದರೆ ಆ ಪ್ರಶ್ನೆಯನ್ನೇ ಬಿಟ್ಟು, ನಾಲ್ಕನೆಯ ಹಾಡಿನ ಹದಿಮೂರು ಏಟನ್ನು ಇನ್ನೊಮ್ಮೆ ಎಣಿಸಿ.